ಓದುಗರ ಪ್ರಶ್ನೆ, ನಮ್ಮ ಉತ್ತರ: ಕಡಿಮೆ ಬೆಲೆಯಲ್ಲಿ ಮನೆಗೊಂದು ಡಿವಿಡಿ ಪ್ಲೇಯರ್

ಈ ಕಾಲದಲ್ಲಿ ಡಿವಿಡಿ ಪ್ಲೇಯರ್ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಹೊಸ ಸಿನಿಮಾ ನೋಡುವುದಕ್ಕಾದರೆ ಬೇಡ. ಆದರೆ 2000ದ ದಶಕದಲ್ಲಿ ತೆಗೆಸಿದ ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೊ, ಮೇಳಗಳ ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಮಾಡಿದ ನಾಟಕ, ಇವೆಲ್ಲ ಎಷ್ಟೋ ಮನೆಗಳಲ್ಲಿ ಡಿವಿಡಿಯಲ್ಲಿ ಮಾತ್ರ ಉಳಿದಿವೆ. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವ ಸರಕು ಇವಲ್ಲ. ಪ್ಲೇಯರ್ ಕೊಳ್ಳುವ ವಿಷಯವಾಗಿ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಹಳೆಯ ಡಿವಿಡಿ ಪ್ಲೇಯರ್ ಕೆಟ್ಟು ಮೂಲೆ ಸೇರಿದೆ. ಮಗಳ ಮದುವೆಯ ಡಿವಿಡಿಗಳು, ಯಕ್ಷಗಾನದ ಹತ್ತಾರು ಡಿವಿಡಿಗಳು, ಒಂದಷ್ಟು ಹಳೆಯ ಸಿನಿಮಾಗಳ ವಿಸಿಡಿಗಳು ಮನೆಯಲ್ಲಿವೆ. ಮಗ ಈಚೆಗೆ 43 ಅಂಗುಲದ ಟಿವಿ ತಂದಿದ್ದಾನೆ. ಮೂರು ಸಾವಿರ ರೂಪಾಯಿಯೊಳಗೆ ಒಳ್ಳೆಯ ಪ್ಲೇಯರ್ ಸಿಗುತ್ತದೆಯೇ? 1080ಪಿ ಅಪ್‌ಸ್ಕೇಲಿಂಗ್ ಇರುವುದನ್ನು ತೆಗೆದುಕೊಂಡರೆ ಚಿತ್ರ ಎಚ್‌ಡಿಯಂತೆ ಕಾಣುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಂಬಬಹುದೇ?
— ನಿವೃತ್ತ ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಮೂರು ಸಾವಿರದೊಳಗೆ ನಿಮಗೆ ಬೇಕಾದದ್ದು ಸಿಗುತ್ತದೆ. ಆದರೆ ಅಂಗಡಿಗೆ ಹೊರಡುವ ಮೊದಲು ಟಾರ್ಚ್ ಹಿಡಿದು ಟಿವಿಯ ಹಿಂಬದಿಯನ್ನೊಮ್ಮೆ ನೋಡಿ. ಎಚ್‌ಡಿಎಂಐ ಎಂದು ಬರೆದಿರುವ ಚಪ್ಪಟೆ ಕಿಂಡಿಗಳು ಎರಡೋ ಮೂರೋ ಇದ್ದೇ ಇರುತ್ತವೆ. ವಿಸಿಡಿ ಕಾಲದಿಂದ ನಾವು ಬಳಸುತ್ತ ಬಂದ ಹಳದಿ, ಕೆಂಪು, ಬಿಳಿ ಬಣ್ಣದ ಎವಿ ಕಿಂಡಿಗಳು ಇರಬಹುದು, ಇಲ್ಲದೆಯೂ ಇರಬಹುದು. ಕೆಲವು ಟಿವಿಗಳಲ್ಲಿ ಆ ಮೂರರ ಬದಲು ಇಯರ್‌ಫೋನ್ ಪಿನ್ ಹಿಡಿಸುವಷ್ಟು ದೊಡ್ಡದಾದ ಒಂದೇ ರಂಧ್ರವಿದ್ದು, ಪಕ್ಕದಲ್ಲಿ ‘ಎವಿ ಇನ್’ ಎಂದು ಬರೆದಿರುತ್ತದೆ. ಈ ಬಗೆಯ ಟಿವಿಗೆ ಒಂದು ತುದಿಯಲ್ಲಿ ಆ ಪಿನ್ನೂ ಇನ್ನೊಂದು ತುದಿಯಲ್ಲಿ ಮೂರು ಬಣ್ಣದ ಕಿಂಡಿಗಳೂ ಇರುವ ಸಣ್ಣ ಕೇಬಲ್ ಬೇಕಾಗುತ್ತದೆ. ಅದು ಟಿವಿಯ ಡಬ್ಬದಲ್ಲಿಯೇ ಬಂದಿರುವ ಸಂಭವ ಹೆಚ್ಚು. ಮಗನನ್ನು ಕೇಳಿ ನೋಡಿ. ಹೊರಗೆ ಕೊಳ್ಳುವುದಾದರೆ ಎಚ್ಚರವಿರಲಿ, ಪಿನ್ನಿನ ಒಳಗಿನ ಜೋಡಣೆ ಎಲ್ಲ ಕಂಪನಿಗಳಲ್ಲಿಯೂ ಒಂದೇ ರೀತಿ ಇರುವುದಿಲ್ಲ.

ನಿಮ್ಮ ಟಿವಿ ಹೊಸದಾದ್ದರಿಂದ ಎಚ್‌ಡಿಎಂಐ ಇರುವ ಪ್ಲೇಯರನ್ನೇ ಕೊಳ್ಳುವುದು ಲೇಸು. ಎವಿ ಮಾತ್ರ ಇರುವ ಮಾದರಿಗೂ ಇದಕ್ಕೂ ಇರುವ ವ್ಯತ್ಯಾಸ ಕೆಲವು ನೂರು ರೂಪಾಯಿಗಳದ್ದು, ಮತ್ತು ಆ ಹಣಕ್ಕೆ ಕಣ್ಣಿಗೆ ಕಾಣುವ ಪ್ರತಿಫಲವಿದೆ. ಹಳದಿ ಕೇಬಲಿನಲ್ಲಿ ಚಿತ್ರದ ಬೆಳಕಿನ ಅಂಶವನ್ನೂ ಬಣ್ಣದ ಅಂಶವನ್ನೂ ಒಂದೇ ತಂತಿಯಲ್ಲಿ ಬೆರೆಸಿ ಕಳಿಸಲಾಗುತ್ತದೆ. ಟಿವಿ ಅವೆರಡನ್ನು ಮತ್ತೆ ಬೇರ್ಪಡಿಸಬೇಕು, ಆ ಬೇರ್ಪಡಿಕೆ ಎಂದೂ ಪೂರ್ಣವಾಗುವುದಿಲ್ಲ. ಮದುವೆಯ ವಿಡಿಯೊದಲ್ಲಿ ಮದುಮಗಳ ಕೆಂಪು ಸೀರೆಯ ಜರಿಯಂಚನ್ನು ಹತ್ತಿರದಿಂದ ಗಮನಿಸಿದರೆ ಅದರ ಮೇಲೆ ಸಣ್ಣ ಚುಕ್ಕಿಗಳು ಇರುವೆಸಾಲಿನಂತೆ ಹರಿದಾಡುವುದು ಕಾಣುತ್ತದಲ್ಲ, ಅದರ ಮೂಲ ಇದೇ. ಎಚ್‌ಡಿಎಂಐ ಕೇಬಲಿನಲ್ಲಿ ಡಿಸ್ಕಿನಲ್ಲಿರುವ ಅಂಕೀಯ (ಡಿಜಿಟಲ್) ಮಾಹಿತಿ ಅಂಕೀಯವಾಗಿಯೇ ಟಿವಿಗೆ ತಲುಪುವುದರಿಂದ ಈ ತೊಂದರೆ ಇರುವುದಿಲ್ಲ. ಕೇಬಲ್ ಪ್ಲೇಯರಿನ ಜೊತೆಗೆ ಬರುತ್ತದೆಯೇ ಎಂದು ಅಂಗಡಿಯಲ್ಲಿಯೇ ಕೇಳಿ. ಬಾರದಿದ್ದರೆ ಸಾಮಾನ್ಯ ಬೆಲೆಯ ಕೇಬಲ್ ಧಾರಾಳವಾಗಿ ಸಾಕು. ಚಿನ್ನದ ಲೇಪನದ ದುಬಾರಿ ಕೇಬಲ್ ಕೊಂಡರೆ ಚಿತ್ರ ಇನ್ನಷ್ಟು ಚೆನ್ನಾಗುತ್ತದೆ ಎಂಬುದು ಮಾರುವವರ ಮಾತು.

ಇನ್ನು ಅಪ್‌ಸ್ಕೇಲಿಂಗ್. ನಮ್ಮ ದೇಶದ ಟಿವಿ ಚಿತ್ರದ ಪದ್ಧತಿಯಾದ ಪಾಲ್‌ನ ಡಿವಿಡಿಯಲ್ಲಿ ಚಿತ್ರದ ಅಳತೆ 720×576, ಅಂದರೆ ಒಂದು ಚಿತ್ರದಲ್ಲಿ ಸುಮಾರು 4.15 ಲಕ್ಷ ಚುಕ್ಕಿಗಳು. ಫುಲ್ ಎಚ್‌ಡಿ ಟಿವಿಯಲ್ಲಿ 1920×1080, ಸುಮಾರು 20.7 ಲಕ್ಷ. 4ಕೆ ಟಿವಿಯಾದರೆ ಸುಮಾರು 83 ಲಕ್ಷ. ಡಿಸ್ಕಿನಲ್ಲಿರುವ ಒಂದು ಚುಕ್ಕಿಯಿಂದ ಪರದೆಯ ಐದು ಅಥವಾ ಇಪ್ಪತ್ತು ಚುಕ್ಕಿಗಳನ್ನು ತುಂಬಿಸಬೇಕು. ನಡುವಿನದನ್ನು ಅಂದಾಜಿನಿಂದ ಲೆಕ್ಕಹಾಕಿ ತುಂಬುವ ಕೆಲಸವೇ ಅಪ್‌ಸ್ಕೇಲಿಂಗ್. ಕ್ಯಾಮೆರಾ ಸೆರೆಹಿಡಿಯದ ವಿವರವನ್ನು ಅದು ಎಲ್ಲಿಂದಲೂ ತರಲಾರದು. ಪ್ಲೇಯರ್ ಆ ಕೆಲಸ ಮಾಡದಿದ್ದರೆ ಟಿವಿಯೇ ಮಾಡಿಕೊಳ್ಳುತ್ತದೆ, ಮತ್ತು ಎರಡು ಸಾವಿರ ರೂಪಾಯಿಯ ಪ್ಲೇಯರಿಗಿಂತ ನಿಮ್ಮ ಟಿವಿ ಅದನ್ನು ಚೆನ್ನಾಗಿ ಮಾಡುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ 1080ಪಿ ಎಂಬ ಚೀಟಿ ನೋಡಿ ಹೆಚ್ಚು ಹಣ ಕೊಡಬೇಡಿ. ಕೊಂಡ ಪ್ಲೇಯರಿನಲ್ಲಿ ಆ ಸೌಲಭ್ಯ ಇದ್ದೇ ಇದ್ದರೆ, ಸೆಟಪ್ ಮೆನುವಿನಲ್ಲಿ ಎಚ್‌ಡಿಎಂಐ ರೆಸಲ್ಯೂಷನ್ ಎಂಬಲ್ಲಿ ಒಮ್ಮೆ 1080ಪಿ, ಒಮ್ಮೆ 576ಪಿ ಇಟ್ಟು ನೋಡಿ ನಿಮ್ಮ ಕಣ್ಣಿಗೆ ಹಿತವೆನಿಸಿದ್ದನ್ನು ಉಳಿಸಿಕೊಳ್ಳಿ.

ವಿಸಿಡಿಗಳ ವಿಷಯದಲ್ಲಿ ಆಸೆ ಇನ್ನೂ ಕಡಿಮೆ ಇರಲಿ. ಅವುಗಳ ಅಳತೆ 352×288 ಮಾತ್ರ, ಡಿವಿಡಿಯ ಕಾಲುಭಾಗ. ಹಳೆಯ 21 ಅಂಗುಲದ ಟಿವಿಯಲ್ಲಿ ಒಪ್ಪಿಕೊಂಡು ನೋಡಿದ್ದು 43 ಅಂಗುಲದಲ್ಲಿ ಮಸುಕಾಗಿ ಕಾಣುತ್ತದೆ. ಅದು ಪ್ಲೇಯರಿನ ದೋಷವಲ್ಲ. ‘ಒಂದರಲ್ಲಿ ಮೂರು ಸಿನಿಮಾ’ ಡಿವಿಡಿಗಳದ್ದೂ ಇದೇ ಕತೆ. 2007ರಲ್ಲಿ ಮೋಸರ್ ಬೇಯರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದ ಮೇಲೆ ಡಿಸ್ಕುಗಳು ತರಕಾರಿಯಷ್ಟು ಸಲೀಸಾಗಿ ಮನೆಗೆ ಬಂದವು. ಒಂದೇ ಡಿಸ್ಕಿನಲ್ಲಿ ಹೆಚ್ಚು ಸಿನಿಮಾ ತುರುಕಿ ಮಾರುವ ರೂಢಿಯೂ ಬೆಳೆಯಿತು. ಎರಡು ಪದರದ ಡಿವಿಡಿಯಲ್ಲಿ ಒಟ್ಟು ಹಿಡಿಯುವುದು 8.5 ಜಿಬಿ. ಅದನ್ನು ಮೂರು ಸಿನಿಮಾಗಳಿಗೆ ಹಂಚಿದರೆ ಒಂದೊಂದಕ್ಕೂ ಮೂರನೆಯ ಒಂದು ಪಾಲೇ ದಕ್ಕುವುದು, ಹಾಗಾಗಿ ಹೊಡೆದಾಟದ ದೃಶ್ಯ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಯಾವ ಪ್ಲೇಯರಿನಿಂದಲೂ ಇದಕ್ಕೆ ಮದ್ದಿಲ್ಲ.

ಹಾಗಾದರೆ ಈ ಬೆಲೆಯಲ್ಲಿ ನೋಡಬೇಕಾದ್ದು ಏನು? ನಿಮ್ಮ ಮಟ್ಟಿಗೆ ಮುಖ್ಯವಾದದ್ದು, ಸ್ಟುಡಿಯೊದವರು ಕಂಪ್ಯೂಟರಿನಲ್ಲಿ ಬರೆದುಕೊಟ್ಟ ಡಿಸ್ಕುಗಳನ್ನು ಅದು ಸಲೀಸಾಗಿ ಓದುತ್ತದೆಯೇ ಎಂಬುದು. ಡಿವಿಡಿ-ಆರ್, ಡಿವಿಡಿ ಪ್ಲಸ್ ಆರ್, ಆರ್‌ಡಬ್ಲ್ಯೂ ಎಂಬ ಬಗೆಗಳ ಹೆಸರು ಡಬ್ಬದ ಮೇಲೆ ಇರಬೇಕು, ವಿಸಿಡಿ ಎಂಬುದೂ ಇರಬೇಕು. ಕಾಗದದ ಮೇಲಿನ ಮಾತಿಗಿಂತ ನಿಮ್ಮ ಮದುವೆ ಡಿಸ್ಕನ್ನೇ ಅಂಗಡಿಗೆ ಒಯ್ದು ಹಾಕಿಸಿ ನೋಡುವುದು ಸರಿಯಾದ ಪರೀಕ್ಷೆ. ಕನಿಷ್ಠ ಅರ್ಧ ಗಂಟೆ ಮುಂದಕ್ಕೆ ಓಡಿಸಿ ಅಲ್ಲಿಂದಲೂ ನೋಡಿ. ಹಿಂಬದಿಯ ಚೀಟಿಯಲ್ಲಿ ವಿದ್ಯುತ್ತಿನ ಸಾಲಿನಲ್ಲಿ 100-240 ವೋಲ್ಟ್ ಎಂದಿರುವುದನ್ನು ಆರಿಸಿ, ಏಕೆಂದರೆ ನಮ್ಮ ಹಳ್ಳಿಗಳಲ್ಲಿ ಸಂಜೆಯ ಹೊತ್ತು ವೋಲ್ಟೇಜ್ ಎಲ್ಲಿಗೆ ಇಳಿಯುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ದೊಡ್ಡ ಹೆಸರಿನ ಕಂಪನಿಗಳು ಈ ಕ್ಷೇತ್ರದಿಂದ ಒಂದೊಂದಾಗಿ ಹಿಂದೆ ಸರಿಯುತ್ತಿವೆ. ಸ್ಯಾಮ್‌ಸಂಗ್ ಅಮೆರಿಕದ ಮಾರುಕಟ್ಟೆಗೆ ಇನ್ನು ಹೊಸ ಬ್ಲೂ-ರೇ ಪ್ಲೇಯರ್ ತರುವುದಿಲ್ಲವೆಂದು 2019ರಲ್ಲಿಯೇ ಪ್ರಕಟಿಸಿತ್ತು. ಹಾಗಾಗಿ ಹೆಸರು ಕೇಳಿರದ ಕಂಪನಿಯ ಪ್ಲೇಯರ್ ಎಂದು ಹಿಂಜರಿಯಬೇಕಿಲ್ಲ, ಆದರೆ ಒಂದು ವರ್ಷದ ವಾರಂಟಿ, ಮುದ್ರಿತ ಬಿಲ್ಲು ಮತ್ತು ಕೆಟ್ಟರೆ ಎಲ್ಲಿಗೆ ಒಯ್ಯಬೇಕೆಂಬ ಸ್ಪಷ್ಟ ಉತ್ತರ, ಈ ಮೂರೂ ಸಿಗದ ಅಂಗಡಿಯಲ್ಲಿ ಕೊಳ್ಳಬೇಡಿ.

ಪ್ರಶ್ನೆ: ನಮ್ಮ ಹಳೆಯ ಪ್ಲೇಯರ್ ಚೆನ್ನಾಗಿದೆ, ಆದರೆ ಅದರಲ್ಲಿ ಎವಿ ಕಿಂಡಿಗಳು ಮಾತ್ರ ಇವೆ. ಹೊಸ ಟಿವಿಯಲ್ಲಿ ಎಚ್‌ಡಿಎಂಐ ಬಿಟ್ಟರೆ ಬೇರೇನೂ ಇಲ್ಲ. ಪ್ಲೇಯರ್ ಬದಲಿಸಲೇಬೇಕೇ? ಇನ್ನೊಂದು, ನೆಂಟರ ಟಿವಿಯಲ್ಲಿ ಹಾಕಿ ನೋಡಿದಾಗ ನಮ್ಮ ಮದುವೆಯ ವಿಡಿಯೊದಲ್ಲಿ ಎಲ್ಲರೂ ದಪ್ಪಗೆ ಕುಳ್ಳಗೆ ಕಂಡರು.
— ಗೃಹಿಣಿ, ಸಾಗರ

ಉತ್ತರ: ಬದಲಿಸಬೇಕಿಲ್ಲ. ಎವಿಯಿಂದ ಎಚ್‌ಡಿಎಂಐಗೆ ಪರಿವರ್ತಿಸುವ ಬೆಂಕಿಪೊಟ್ಟಣದ ಗಾತ್ರದ ಕನ್ವರ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೊಳ್ಳುವಾಗ ದಿಕ್ಕನ್ನು ಸರಿಯಾಗಿ ಹೇಳಿ: ನಿಮಗೆ ಬೇಕಾದ್ದು ‘ಎವಿ ಟು ಎಚ್‌ಡಿಎಂಐ’. ನೋಡಲು ಹಾಗೆಯೇ ಇರುವ ‘ಎಚ್‌ಡಿಎಂಐ ಟು ಎವಿ’ ತಂದರೆ ಏನು ಮಾಡಿದರೂ ಚಿತ್ರ ಬಾರದು, ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಕನ್ವರ್ಟರಿಗೆ ಪ್ರತ್ಯೇಕವಾಗಿ 5 ವೋಲ್ಟ್ ವಿದ್ಯುತ್ ಬೇಕು. ಟಿವಿಯ ಯುಎಸ್‌ಬಿ ಕಿಂಡಿಯಿಂದ ಅಥವಾ ಹಳೆಯ ಮೊಬೈಲ್ ಚಾರ್ಜರಿನಿಂದ ಕೊಡಬಹುದು. ಹಳದಿ ಕೇಬಲಿನ ಕುಂದುಗಳು ಹಾಗೆಯೇ ಉಳಿಯುತ್ತವೆ ಎಂಬುದೊಂದು ಇದ್ದರೂ, ಚೆನ್ನಾಗಿರುವ ಪ್ಲೇಯರನ್ನು ಎಸೆಯುವುದಕ್ಕಿಂತ ಇದು ಮೇಲು.

ಎಲ್ಲರೂ ದಪ್ಪಗೆ ಕಂಡದ್ದಕ್ಕೆ ಊಟವಂತೂ ಕಾರಣವಲ್ಲ. ಆಗಿನ ಹೆಚ್ಚಿನ ಮದುವೆ ವಿಡಿಯೊಗಳನ್ನು ಚಿತ್ರೀಕರಿಸಿದ್ದು ಹಳೆಯ ಟಿವಿಯ 4:3 ಆಕಾರಕ್ಕೆ. ಈಗಿನ ಟಿವಿ 16:9 ಆಗಿದ್ದು, ಆ ಚೌಕದಂಥ ಚಿತ್ರವನ್ನು ಅಡ್ಡಲಾಗಿ ಎಳೆದು ಪರದೆ ತುಂಬಿಸುತ್ತದೆ. ಟಿವಿಯ ರಿಮೋಟಿನಲ್ಲಿ ಪಿಕ್ಚರ್ ಸೈಜ್ ಅಥವಾ ಆಸ್ಪೆಕ್ಟ್ ಎಂಬ ಆಯ್ಕೆಗೆ ಹೋಗಿ 4:3 ಎಂದು ಇಡಿ. ಎರಡೂ ಪಕ್ಕದಲ್ಲಿ ಕಪ್ಪು ಪಟ್ಟಿ ಬರುತ್ತದೆ, ಅದು ಇರಲೇಬೇಕಾದದ್ದು. ಪ್ಲೇಯರಿನ ಮೆನುವಿನಲ್ಲಿ ಟಿವಿ ಡಿಸ್‌ಪ್ಲೇ ಎಂಬಲ್ಲಿ ಮಾತ್ರ 16:9 ಎಂದೇ ಇರಲಿ, ಇಲ್ಲವಾದರೆ ಅಗಲ ಪರದೆಯ ಸಿನಿಮಾಗಳು ಸುತ್ತಲೂ ಕಪ್ಪಾಗಿ ನಡುವೆ ಸಣ್ಣದಾಗಿ ಕಾಣುತ್ತವೆ. ಎಚ್‌ಡಿಎಂಐ ಪ್ಲೇಯರ್ ಇರುವವರಿಗೂ ಒಂದು ಮಾತು: ಪ್ಲೇಯರಿನಲ್ಲಿ 1080ಪಿ ಇಟ್ಟಾಗ ಕೆಲವು ಟಿವಿಗಳು 4:3 ಆಯ್ಕೆಯನ್ನೇ ಕೊಡುವುದಿಲ್ಲ, 576ಪಿಗೆ ಇಳಿಸಿದೊಡನೆ ಕೊಡುತ್ತವೆ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಮೊಮ್ಮಕ್ಕಳಿಗೆಂದು ಒಂದಷ್ಟು ಡಿವಿಡಿ ತಂದಿದ್ದ. ನಮ್ಮ ಪ್ಲೇಯರಿನಲ್ಲಿ ಹಾಕಿದರೆ ‘ರಾಂಗ್ ರೀಜನ್’ ಎಂದು ಬರುತ್ತದೆ. ಡಿಸ್ಕುಗಳು ಕಳ್ಳಪ್ರತಿಗಳಿರಬಹುದೇ?
— ಓದುಗರು, ಧಾರವಾಡ

ಉತ್ತರ: ಹಾಗೆ ಭಾವಿಸಬೇಡಿ, ಅಸಲಿ ಡಿಸ್ಕುಗಳಾಗಿರುವುದರಿಂದಲೇ ಈ ತೊಡಕು ಬಂದಿರುವುದು. ಸಿನಿಮಾ ಕಂಪನಿಗಳು ಜಗತ್ತನ್ನು ವಲಯಗಳಾಗಿ ಹಂಚಿ ಡಿಸ್ಕಿಗೂ ಪ್ಲೇಯರಿಗೂ ವಲಯದ ಸಂಖ್ಯೆ ಹಾಕಿಸಿದವು. ಒಂದು ದೇಶದಲ್ಲಿ ಚಿತ್ರಮಂದಿರಕ್ಕೆ ಬರುವ ಮೊದಲೇ ಇನ್ನೊಂದು ದೇಶದ ಡಿವಿಡಿ ಅಲ್ಲಿಗೆ ತಲುಪಬಾರದು, ಬೆಲೆಯನ್ನೂ ದೇಶಕ್ಕೆ ತಕ್ಕಂತೆ ಇಡಬೇಕು ಎಂಬುದು ಅವರ ಲೆಕ್ಕಾಚಾರ. ಅಮೆರಿಕ ಮತ್ತು ಕೆನಡಾ 1ನೆಯ ವಲಯ; ಯುರೋಪಿನ ಬಹುಭಾಗ, ಜಪಾನ್ ಮತ್ತು ಕೊಲ್ಲಿ ದೇಶಗಳು 2; ಭಾರತ 5. ಡಿಸ್ಕಿನ ಹೊದಿಕೆಯ ಹಿಂಬದಿಯಲ್ಲಿ ಭೂಗೋಳದ ಸಣ್ಣ ಚಿತ್ರದೊಳಗೆ ಈ ಸಂಖ್ಯೆ ಇರುತ್ತದೆ. ಅಲ್ಲಿ ‘ಆಲ್’ ಎಂದಿದ್ದರೆ ಎಲ್ಲಿ ಬೇಕಾದರೂ ನೋಡಬಹುದು.

ಕಡಿಮೆ ಬೆಲೆಯ ಪ್ಲೇಯರಿಗೆ ಇಲ್ಲೊಂದು ಮೇಲುಗೈ ಇದೆ. ಹೆಸರಾಂತ ಕಂಪನಿಗಳು ವಲಯದ ಕಟ್ಟುಪಾಡನ್ನು ಪಾಲಿಸಿದರೆ, ಅಗ್ಗದ ಮಾದರಿಗಳಲ್ಲಿ ಬಹಳಷ್ಟು ಯಾವ ವಲಯದ ಡಿಸ್ಕನ್ನೂ ಓದುತ್ತವೆ. ಡಬ್ಬದ ಮೇಲೆ ‘ಆಲ್ ರೀಜನ್’ ಅಥವಾ ‘ರೀಜನ್ ಫ್ರೀ’ ಎಂದಿರುವುದನ್ನು ಕೇಳಿ ಪಡೆಯಿರಿ. ಅಮೆರಿಕದ ಡಿಸ್ಕುಗಳು ಎನ್‌ಟಿಎಸ್‌ಸಿ ಪದ್ಧತಿಯವು, ಸೆಕೆಂಡಿಗೆ ಸುಮಾರು 30 ಚಿತ್ರಗಳು. ನಮ್ಮ ಪಾಲ್ ಪದ್ಧತಿಯಲ್ಲಿ 25. ನಮ್ಮಲ್ಲಿ ಮಾರಾಟವಾಗುವ ಪ್ಲೇಯರುಗಳೂ ಟಿವಿಗಳೂ ಸಾಮಾನ್ಯವಾಗಿ ಎರಡನ್ನೂ ಒಪ್ಪುವುದರಿಂದ ನಿಮಗೆ ಚಿಂತೆಯಿಲ್ಲ. ಚಿಂತೆ ಇರುವುದು ಆ ಕಡೆಯವರಿಗೆ: ಇಲ್ಲಿ ಪಾಲ್ ಪದ್ಧತಿಯಲ್ಲಿ ಮಾಡಿಸಿದ ಉಪನಯನದ ಡಿವಿಡಿಯನ್ನು ಅಮೆರಿಕದ ಮನೆಗೆ ಕಳಿಸಿದರೆ, ಅದಕ್ಕೆ ವಲಯದ ಬೀಗವಿಲ್ಲದಿದ್ದರೂ ಅಲ್ಲಿನ ಎಷ್ಟೋ ಪ್ಲೇಯರುಗಳು ಪಾಲ್ ಓದುವುದಿಲ್ಲ. ಕಂಪ್ಯೂಟರಿನಲ್ಲಾದರೆ ಓಡುತ್ತದೆ. ನಿಮ್ಮ ಮಗ ತಂದ ಡಿಸ್ಕುಗಳಲ್ಲಿ ನೀಲಿ ಡಬ್ಬದಲ್ಲಿರುವುವು ಬ್ಲೂ-ರೇ ಆಗಿದ್ದರೆ ಅವನ್ನು ಯಾವ ಡಿವಿಡಿ ಪ್ಲೇಯರೂ ಓದದು. ಡಿವಿಡಿಗೆ ಬಳಸುವುದು 650 ನ್ಯಾನೊಮೀಟರಿನ ಕೆಂಪು ಲೇಸರ್, ಬ್ಲೂ-ರೇಗೆ 405 ನ್ಯಾನೊಮೀಟರಿನ ನೇರಳೆ ಲೇಸರ್; ಯಂತ್ರವೇ ಬೇರೆ.

ಪ್ರಶ್ನೆ: ಯುಎಸ್‌ಬಿ ಇರುವ ಡಿವಿಡಿ ಪ್ಲೇಯರಿನಲ್ಲಿ ಪೆನ್‌ಡ್ರೈವ್ ಹಾಕಿದರೆ ಎಲ್ಲ ಸಿನಿಮಾಗಳೂ ಓಡುತ್ತವೆ ಎಂದು ಹೇಳಿ ಮಾರಿದರು. ಮೊಬೈಲಿನಲ್ಲಿ ತೆಗೆದ ವಿಡಿಯೊ ಹಾಕಿದರೆ ‘ಅನ್‌ಸಪೋರ್ಟೆಡ್’ ಎನ್ನುತ್ತದೆ.
— ವಿದ್ಯಾರ್ಥಿ, ರಾಯಚೂರು

ಉತ್ತರ: ಯುಎಸ್‌ಬಿ ಕಿಂಡಿಗಾಗಿ ಡಿವಿಡಿ ಪ್ಲೇಯರ್ ಕೊಳ್ಳಬೇಡಿ. ವಿಡಿಯೊವನ್ನು ಅಡಕಗೊಳಿಸಿ ಇಡುವ ವಿಧಾನಗಳು ಹಲವು; ಡಿವಿಡಿಯ ಚಿತ್ರ ಎಂಪೆಗ್-2 ವಿಧಾನದ್ದು. ಅಗ್ಗದ ಪ್ಲೇಯರಿನ ಚಿಪ್ಪು ಅದನ್ನೂ, ಹೆಚ್ಚೆಂದರೆ ಡಿವ್‌ಎಕ್ಸ್, ಎಕ್ಸ್‌ವಿಡ್ ಮಾದರಿಯ ಹಳೆಯ ಎವಿಐ ಕಡತಗಳನ್ನೂ ಬಿಡಿಸಬಲ್ಲದು. ಮೊಬೈಲಿನ ವಿಡಿಯೊ ಎಚ್.264 ಅಥವಾ ಎಚ್.265 ಎಂಬ ಹೊಸ ವಿಧಾನದ್ದು. ನಿಮ್ಮ ಟಿವಿಯ ಯುಎಸ್‌ಬಿ ಕಿಂಡಿ ಅವನ್ನು ಓಡಿಸುವ ಸಾಧ್ಯತೆ ಹೆಚ್ಚು, ಅಲ್ಲಿಯೇ ಹಾಕಿ ನೋಡಿ. ಪ್ಲೇಯರಿನ ಯುಎಸ್‌ಬಿಯನ್ನು ಎಂಪಿ3 ಹಾಡು ಕೇಳಲು ಬಳಸಬಹುದು. ಪೆನ್‌ಡ್ರೈವನ್ನು ಫ್ಯಾಟ್32 ರೀತಿಯಲ್ಲಿ ಫಾರ್ಮ್ಯಾಟ್ ಮಾಡಿರಬೇಕು. ಸಂದರ್ಭ ಬಂದಿದ್ದರಿಂದ ಇದನ್ನೂ ಹೇಳಬಹುದು: ಡಿವಿಡಿಯಲ್ಲಿನ ಉಪಶೀರ್ಷಿಕೆಗಳು ಚಿತ್ರದ ರೂಪದಲ್ಲಿರುವುದರಿಂದ ಕನ್ನಡದ್ದಾದರೂ ಯಾವ ಪ್ಲೇಯರಿನಲ್ಲಿಯೂ ಸರಿಯಾಗಿ ಕಾಣುತ್ತವೆ. ಪೆನ್‌ಡ್ರೈವಿನಲ್ಲಿ ಪ್ರತ್ಯೇಕ ಪಠ್ಯದ ಕಡತವಾಗಿ ಇಟ್ಟ ಕನ್ನಡ ಉಪಶೀರ್ಷಿಕೆಗೆ ಪ್ಲೇಯರಿನೊಳಗೆ ಕನ್ನಡದ ಫಾಂಟ್ ಬೇಕು, ಇಂಥ ಪ್ಲೇಯರುಗಳಲ್ಲಿ ಅದನ್ನು ನಿರೀಕ್ಷಿಸುವಂತಿಲ್ಲ.

ಪ್ರಶ್ನೆ: ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಒಳ್ಳೆಯ ಕಂಪನಿಯ ಹಳೆಯ ಪ್ಲೇಯರುಗಳು ಎಂಟುನೂರು, ಸಾವಿರಕ್ಕೆ ಸಿಗುತ್ತವೆ ಎಂದು ಸ್ನೇಹಿತರು ಹೇಳುತ್ತಾರೆ. ಹೆಸರಿಲ್ಲದ ಹೊಸದಕ್ಕಿಂತ ಅದು ಉತ್ತಮವಲ್ಲವೇ?
— ಓದುಗರು, ತುಮಕೂರು

ಉತ್ತರ: ಆಗಬಹುದು, ಪರೀಕ್ಷಿಸಿ ಕೊಳ್ಳುವ ತಾಳ್ಮೆ ನಿಮಗಿದ್ದರೆ. ಹದಿನೈದು ವರ್ಷದ ಹಿಂದಿನ ಒಳ್ಳೆಯ ಪ್ಲೇಯರಿನ ಲೋಹದ ಚಾಸಿ, ಟ್ರೇಯ ಹಲ್ಲುಗಾಲಿಗಳು, ವಿದ್ಯುತ್ ಭಾಗ ಈಗಿನ ಹಗುರ ಪೆಟ್ಟಿಗೆಗಳಿಗಿಂತ ಗಟ್ಟಿಯಾಗಿರುತ್ತವೆ ಎಂಬುದು ನಿಜ. ಸವೆಯುವುದು ಲೇಸರ್. ರಿಪೇರಿಯವರು ‘ಲೆನ್ಸ್ ವೀಕ್ ಆಗಿದೆ’ ಎನ್ನುವುದು ಇದನ್ನೇ. ಲೇಸರ್ ದುರ್ಬಲವಾದ ಪ್ಲೇಯರ್ ಎಲ್ಲ ಡಿಸ್ಕುಗಳನ್ನೂ ಒಮ್ಮೆಲೇ ನಿರಾಕರಿಸುವುದಿಲ್ಲ, ಬೆಳಕನ್ನು ಕಡಿಮೆ ಹಿಂತಿರುಗಿಸುವ ಡಿಸ್ಕುಗಳಲ್ಲಿ ಮೊದಲು ಎಡವುತ್ತದೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಒಂದು ಪದರದ ಡಿಸ್ಕು ತನ್ನ ಮೇಲೆ ಬಿದ್ದ ಬೆಳಕಿನ ಶೇ 45ರಿಂದ 85ರಷ್ಟನ್ನು ಹಿಂತಿರುಗಿಸಿದರೆ, ಎರಡು ಪದರದ ಡಿಸ್ಕು ಮತ್ತು ಡಿವಿಡಿ-ಆರ್‌ಡಬ್ಲ್ಯೂ ಹಿಂತಿರುಗಿಸುವುದು ಶೇ 18ರಿಂದ 30 ಮಾತ್ರ. ಅಂಗಡಿಯಾತ ತನ್ನಲ್ಲಿರುವ ಒಂದೇ ಡಿಸ್ಕು ಹಾಕಿ ತೋರಿಸಿದರೆ ಅದು ಬಹುಶಃ ಒಂದು ಪದರದ್ದೇ ಆಗಿರುತ್ತದೆ.

ಆದ್ದರಿಂದ ಹೋಗುವಾಗ ಚೀಲದಲ್ಲಿ ನಿಮ್ಮದೇ ಡಿಸ್ಕುಗಳಿರಲಿ: ಡಿವಿಡಿ-9 (ಎಂದರೆ ಎರಡು ಪದರದ್ದು) ಎಂದು ನಮೂದಾಗಿರುವ ಒಂದು ಸಿನಿಮಾ (ಹಳೆಯ ಡಿಸ್ಕಾದರೆ ಅದರ ತಳಭಾಗ ತುಸು ಹೊನ್ನಿನ ಬಣ್ಣಕ್ಕೆ ತಿರುಗಿರುತ್ತದೆ), ಮನೆಯಲ್ಲಿ ಬರೆಸಿದ ಒಂದು ಡಿಸ್ಕು, ಒಂದು ವಿಸಿಡಿ. ಡಿಸ್ಕನ್ನು ಲೇಸರ್ ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿನತ್ತ ಓದುತ್ತ ಹೋಗುತ್ತದೆ, ಎರಡು ಪದರವಿದ್ದರೆ ಸಾಮಾನ್ಯವಾಗಿ ಅಂಚಿನ ಬಳಿ ಎರಡನೆಯ ಪದರಕ್ಕೆ ಹಾರಿ ಮತ್ತೆ ಒಳಕ್ಕೆ ಬರುತ್ತದೆ. ಹಾಗಾಗಿ ಸಿನಿಮಾದ ಮೊದಲ ಐದು ನಿಮಿಷ ನೋಡಿ ಒಪ್ಪಬೇಡಿ. ನಡುಭಾಗಕ್ಕೆ ಹೋಗಿ ಪದರ ಬದಲಾಗುವ ಜಾಗ ದಾಟುವವರೆಗೆ ನೋಡಿ. ಕ್ಷಣಕಾಲ ನಿಂತು ಮುಂದುವರಿದರೆ ಸಹಜ, ಅಲ್ಲಿಯೇ ಸಿಕ್ಕಿಕೊಂಡರೆ ಬೇಡ. ಟ್ರೇಯನ್ನು ಏಳೆಂಟು ಸಲ ತೆರೆದು ಮುಚ್ಚಿಸಿ. ಮೂಲ ರಿಮೋಟ್ ಇದೆಯೇ ಎಂದು ಕೇಳುವುದನ್ನು ಮರೆಯಬೇಡಿ, ಎಷ್ಟೋ ಹಳೆಯ ಮಾದರಿಗಳಲ್ಲಿ ರಿಮೋಟಿಲ್ಲದೆ ಸೆಟಪ್ ಮೆನುವನ್ನು ತೆರೆಯಲಾಗದು. ಕೊನೆಯದಾಗಿ, 2005ರ ಸುಮಾರಿನ ಪ್ಲೇಯರುಗಳಲ್ಲಿ ಎಚ್‌ಡಿಎಂಐ ಇರುವುದು ಅಪರೂಪ. ಎಂಟುನೂರಿಗೆ ಪ್ಲೇಯರ್ ಕೊಂಡು ಕನ್ವರ್ಟರಿಗೂ ಕೇಬಲಿಗೂ ಮತ್ತೆ ಖರ್ಚು ಮಾಡುವುದಾದರೆ ಹೊಸದರ ಬೆಲೆ ದೂರವಿರುವುದಿಲ್ಲ.

ಪ್ರಶ್ನೆ: ಪ್ಲೇಯರ್ ಕೆಲವು ಡಿಸ್ಕುಗಳಿಗೆ ‘ನೋ ಡಿಸ್ಕ್’ ಎನ್ನುತ್ತದೆ, ಕೆಲವನ್ನು ಓಡಿಸುತ್ತದೆ. ಹೊಸದು ಕೊಳ್ಳುವ ಕಾಲ ಬಂತೇ?
— ಓದುಗರು, ಕುಂದಾಪುರ

ಉತ್ತರ: ಮೊದಲು ಡಿಸ್ಕುಗಳನ್ನು ಬೆಳಕಿಗೆ ಹಿಡಿದು ನೋಡಿ. ಕರಾವಳಿಯ ತೇವದಲ್ಲಿ ಪ್ಲಾಸ್ಟಿಕ್ ಹೊದಿಕೆಯೊಳಗೆ ವರ್ಷಗಟ್ಟಲೆ ಇಟ್ಟ ಡಿಸ್ಕಿನ ಮೇಲೆ ಬೂಸು ಕಟ್ಟುವುದು, ಹೊದಿಕೆ ಅಂಟಿಕೊಳ್ಳುವುದು ಸಾಮಾನ್ಯ. ಶುದ್ಧ ನೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೃದುವಾದ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತುಸುತ್ತಾಗಿ ಉಜ್ಜಬೇಡಿ, ಮಾಹಿತಿ ಇರುವುದು ಸುತ್ತಿನ ದಾರಿಯಲ್ಲಿಯೇ ಆದ್ದರಿಂದ ಆ ದಿಕ್ಕಿನ ಗೀರು ಹೆಚ್ಚು ಹಾನಿ ಮಾಡುತ್ತದೆ. ಓಡದಿರುವುವು ಎಲ್ಲವೂ ಬರೆಸಿದ ಡಿಸ್ಕುಗಳೇ ಆಗಿದ್ದರೆ ಅವನ್ನು ‘ಫೈನಲೈಸ್’ ಮಾಡದೆ (ಬೇರೆ ಪ್ಲೇಯರುಗಳು ಓದುವಂತೆ ಬರವಣಿಗೆಯನ್ನು ಕೊನೆಗೊಳಿಸದೆ) ಕೊಟ್ಟಿರಬಹುದು, ಅಥವಾ ಅವುಗಳೊಳಗಿನ ಬಣ್ಣದ ಪದರ ಹಳತಾಗಿರಬಹುದು. ಪ್ಲೇಯರ್ ಬದಲಿಸಿ ಪ್ರಯೋಜನವಿಲ್ಲ. ಎರಡು ಪದರದ ಅಸಲಿ ಸಿನಿಮಾಗಳೂ ಓಡದಿದ್ದರೆ ಲೆನ್ಸ್ ನೋಡಿಸಿ. ಬ್ರಷ್ ಇರುವ ಲೆನ್ಸ್ ಕ್ಲೀನರ್ ಡಿಸ್ಕ್ ಧೂಳು ತೆಗೆಯಬಲ್ಲದು, ಸವೆದ ಲೇಸರಿಗೆ ಜೀವ ಕೊಡಲಾರದು.

ನಿಮ್ಮ ಕಡೆಯವರಿಗೂ ಮಲೆನಾಡಿನವರಿಗೂ ಹೇಳಬೇಕಾದ ಇನ್ನೊಂದು ಸಂಗತಿಯಿದೆ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಪ್ಲೇಯರಿನ ಪ್ಲಗ್ ಕಿತ್ತಿಟ್ಟರೆ ಸಾಲದು; ಡಿಶ್ಶಿನ ಕೇಬಲಿನ ಮೂಲಕ ಬಂದ ಸಿಡಿಲಿನ ಹೊಡೆತ ಸೆಟ್‌ಟಾಪ್ ಪೆಟ್ಟಿಗೆ, ಟಿವಿ ದಾಟಿ ಎಚ್‌ಡಿಎಂಐ ತಂತಿಯಲ್ಲಿ ಪ್ಲೇಯರನ್ನೂ ತಲುಪಬಹುದು. ಆ ತಂತಿಯನ್ನೂ ಕಳಚಿಡಿ.

ಪ್ರಶ್ನೆ: ಸಿನಿಮಾ ನೋಡುವಾಗ ಮಾತು ಕೇಳಿಸುವುದಿಲ್ಲ, ಹಾಡು ಬಂದೊಡನೆ ಮನೆ ನಡುಗುತ್ತದೆ. 5.1 ಇರುವ ಪ್ಲೇಯರ್ ಕೊಂಡರೆ ಸರಿಹೋಗುವುದೇ?
— ಓದುಗರು, ಮೈಸೂರು

ಉತ್ತರ: ಆರು ಸ್ಪೀಕರು ಇಲ್ಲದೆ 5.1 ಪ್ಲೇಯರ್ ಕೊಂಡು ಫಲವಿಲ್ಲ. ಅಂಥ ಧ್ವನಿಯಲ್ಲಿ ಮಾತುಗಳನ್ನು ನಡುವಿನ ಸ್ಪೀಕರಿಗೆಂದು ಪ್ರತ್ಯೇಕ ವಾಹಿನಿಯಲ್ಲಿ ಇಟ್ಟಿರುತ್ತಾರೆ. ಆ ವಾಹಿನಿಯೂ ಟಿವಿಯ ಎರಡು ಸ್ಪೀಕರುಗಳಲ್ಲಿ ಬೆರೆತು ಬರುವಂತೆ ಪ್ಲೇಯರಿನ ಆಡಿಯೊ ಮೆನುವಿನಲ್ಲಿ ಡೌನ್‌ಮಿಕ್ಸ್ ಎಂಬುದನ್ನು ‘ಸ್ಟೀರಿಯೊ’ ಎಂದಿಡಿ. ಡಿಆರ್‌ಸಿ ಅಥವಾ ನೈಟ್ ಮೋಡ್ ಎಂಬ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ, ಜೋರು ಸದ್ದು ತಗ್ಗಿ ಮಾತು ಮೇಲೆ ಬರುತ್ತದೆ. ಡಿಸ್ಕಿನ ಮೆನುವಿನಲ್ಲಿ ಸ್ಟೀರಿಯೊ ಧ್ವನಿ ಬೇರೆಯಾಗಿ ಇದ್ದರೆ ಅದನ್ನೇ ಆರಿಸಿಕೊಳ್ಳಿ.

ಪ್ರಶ್ನೆ: ಪ್ಲೇಯರಿನ ಬದಲು ಲ್ಯಾಪ್‌ಟಾಪಿಗೆ ಹಾಕುವ ಯುಎಸ್‌ಬಿ ಡಿವಿಡಿ ಡ್ರೈವ್ ಕೊಳ್ಳಿ, ಅದೇ ಬೆಲೆಗೆ ಸಿಗುತ್ತದೆ ಎಂದು ಮಗಳು ಹೇಳುತ್ತಾಳೆ. ನಮಗೆ ಇರುವುದು ಮನೆಯ ಕಾರ್ಯಕ್ರಮಗಳ ಡಿಸ್ಕುಗಳು ಮಾತ್ರ. ಯಾವುದು ಸರಿ?
— ದಂಪತಿ, ಶಿವಮೊಗ್ಗ

ಉತ್ತರ: ನಿಮ್ಮ ಮಗಳ ಮಾತು ಸರಿ. ನೋಡುವುದಷ್ಟೇ ಉದ್ದೇಶವಾದರೆ ಪ್ಲೇಯರ್ ಅನುಕೂಲ: ಡಿಸ್ಕು ಹಾಕಿ ಗುಂಡಿ ಒತ್ತಿದರಾಯಿತು, ಲ್ಯಾಪ್‌ಟಾಪು ಬಾರದವರಿಗೂ ಬರುತ್ತದೆ. ಆದರೆ ಬರೆಸಿದ ಡಿಸ್ಕುಗಳು ಒಂದಲ್ಲ ಒಂದು ದಿನ ಓದದಂತಾಗುವಂಥವು, ಮತ್ತು ಪ್ಲೇಯರಿನಿಂದ ಅವುಗಳ ಪ್ರತಿ ತೆಗೆಯಲಾಗದು. ಡ್ರೈವನ್ನು ಟಿವಿಯ ಯುಎಸ್‌ಬಿಗೆ ನೇರವಾಗಿ ಸಿಕ್ಕಿಸಿದರೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಕಂಪ್ಯೂಟರ್ ಬೇಕು. ಡಿಸ್ಕನ್ನು ಹಾಕಿ ತೆರೆದಾಗ ವಿಡಿಯೊ_ಟಿಎಸ್ ಎಂಬ ಫೋಲ್ಡರ್ ಕಾಣುತ್ತದೆ, ಅದರೊಳಗೆ ವಿಒಬಿ ಎಂದು ಕೊನೆಗೊಳ್ಳುವ, ಹೆಚ್ಚೆಂದರೆ 1 ಜಿಬಿಯಷ್ಟಿರುವ ಕಡತಗಳಿರುತ್ತವೆ. ಒಂದೊಂದಾಗಿ ಆರಿಸದೆ ಇಡೀ ಫೋಲ್ಡರನ್ನೇ ನಕಲು ಮಾಡಿ, ಡಿಸ್ಕಿನ ಮೇಲೆ ಬರೆದ ಹೆಸರು ಮತ್ತು ದಿನಾಂಕವನ್ನು ಅದಕ್ಕೂ ಇಡಿ. ಒಂದು ಪದರದ ಡಿಸ್ಕಿನಲ್ಲಿ ಇರುವುದು ಹೆಚ್ಚೆಂದರೆ 4.7 ಜಿಬಿ, ಹಾಗಾಗಿ 64 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಹತ್ತಕ್ಕೂ ಹೆಚ್ಚು ಡಿಸ್ಕುಗಳು ಹಿಡಿಯುತ್ತವೆ, ಚಿತ್ರದ ಗುಣಮಟ್ಟ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕುಗಳಿಗೆ ಬೀಗವೂ ಇರುತ್ತದೆ, ಹಕ್ಕುಸ್ವಾಮ್ಯದ ಕಾನೂನೂ ಅನ್ವಯಿಸುತ್ತದೆ. ಇಲ್ಲಿ ಹೇಳಿದ್ದು ನಿಮ್ಮ ಮನೆಯ ಡಿಸ್ಕುಗಳಿಗೆ ಮಾತ್ರ.

ನಕಲು ನಡುವೆ ನಿಂತು ದೋಷ ತೋರಿಸಿದರೆ ಡಿಸ್ಕನ್ನು ಒರೆಸಿ ಇನ್ನೊಮ್ಮೆ ಹಾಕಿ, ಆಗಲೂ ಆಗದಿದ್ದರೆ ಬೇರೆ ಡ್ರೈವಿನಲ್ಲಿ ಪ್ರಯತ್ನಿಸಿ. ಒಂದು ಡ್ರೈವ್ ಬಿಟ್ಟುಕೊಟ್ಟ ಡಿಸ್ಕನ್ನು ಇನ್ನೊಂದು ಓದುವುದುಂಟು. ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ಇಟ್ಟುಕೊಂಡಿರುವ ನೆರೆಹೊರೆಯವರು ಯಾರಾದರೂ ಇದ್ದರೆ ಮೊದಲು ಅವರನ್ನು ವಿಚಾರಿಸಿ; ಅದರಲ್ಲಿ ಡಿವಿಡಿ ಡ್ರೈವ್ ಇದ್ದರೆ ನೀವು ಕೊಳ್ಳುವ ಅಗತ್ಯವೇ ಬೀಳದು.